ನಿಧಾನವಾಗಿ ಬೀಳುವುದು

ಜನವರಿ 8

ಇವತ್ತು ನನಗೆ ಬೀಳುವುದನ್ನು ಕಲಿಸಿದರು. ಇಪ್ಪತ್ತೊಂಬತ್ತು ವರ್ಷದ ಹೆಂಗಸಿಗೆ, ಹನ್ನೊಂದು ವರ್ಷದಿಂದ ನೆಟ್‌ಬಾಲ್ ಅಂಗಳದಲ್ಲಿ ಗೋಲು ಕಾಯುತ್ತ ಬಂದವಳಿಗೆ, ಬೀಳುವುದು ಹೇಗೆಂದು ಪಾಠ.

ಮಡಚಿದ ಕಂಬಳಿಯ ಮೇಲೆ ಮೊಣಕಾಲೂರಬೇಕು. ಹಿಂದೆ ಒಬ್ಬರು ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿದಿರಬೇಕು. ಮೊಣಕಾಲಿನಿಂದ ನೆತ್ತಿಯವರೆಗೆ ಮೈಯನ್ನು ಹಲಗೆಯಂತೆ ನೆಟ್ಟಗೆ ಇಟ್ಟುಕೊಂಡು ಮುಂದಕ್ಕೆ ವಾಲಬೇಕು, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ. ಬೀಳುವ ಮೈಯನ್ನು ತಡೆಯುವುದು ತೊಡೆಯ ಹಿಂಭಾಗ ಮಾತ್ರ. ಇನ್ನು ಆಗದು ಎಂದಾಗ ಕೈ ಊರಿಕೊಳ್ಳಬೇಕು. ಆಮೇಲೆ ಹೇಗೆ ಬೇಕಾದರೂ ಎದ್ದು ಮತ್ತೆ ಶುರು ಮಾಡಬಹುದು.

"ಏಳೋದಕ್ಕೆ ಮಾರ್ಕ್ಸ್ ಇಲ್ಲ ಅತುಸಾಯೆ. ಬೀಳೋದಕ್ಕೆ ಮಾತ್ರ," ಎಂದಳು ಸಿಂಬೆಯೆ. ಕ್ಲಬ್ಬಿಗೆ ಹೊಸದಾಗಿ ಬಂದ ಫಿಸಿಯೊ. ಕನ್ನಡಕ, ಬಿಳಿ ಕ್ಯಾನ್ವಾಸ್ ಬೂಟು, ಮಾತಿಗೊಮ್ಮೆ ನಗು. "ನಿನ್ನ ತೊಡೆ ಎರಡು ಸಲ ಹರೀತಲ್ಲ, ಎರಡೂ ಸಲ ಯಾವಾಗ? ಓಡ್ತಾ ಕಾಲು ಮುಂದಕ್ಕೆ ಚಾಚಿದಾಗ. ಆಗ ಸ್ನಾಯು ಉದ್ದ ಆಗ್ತಾ ಇರುತ್ತೆ, ಅದೇ ಹೊತ್ತಿಗೆ ಮೈಭಾರಾನೂ ತಡೀಬೇಕು. ನಿನ್ನದಕ್ಕೆ ಅದು ಮರೆತುಹೋಗಿದೆ. ಹೀಗೆ ಇಳಿಸ್ತಾ ಇಳಿಸ್ತಾ ಒಳಗಿನ ಎಳೆಗಳು ಉದ್ದ ಆಗ್ತವೆ. ಉದ್ದದ ಎಳೆ ಸುಲಭಕ್ಕೆ ಹರಿಯಲ್ಲ."

ಕೆಲವೇ ಸಲ ಮಾಡಿಸಿ ಎದ್ದು ನಿಂತಳು. ಇನ್ನು ಗುರುವಾರವೇ ಅಂತೆ. ಮಗುವಿಗೆ ಚಮಚದಲ್ಲಿ ಔಷಧ ಕೊಟ್ಟ ಹಾಗೆ.

ನನ್ನ ಹಿಮ್ಮಡಿ ಹಿಡಿದಿದ್ದವಳು ಆ ಹುಡುಗಿ. ಥ್ಯೋಲೊದ ಟೀ ತೋಟದಿಂದ ಬಂದವಳು, ಹತ್ತೊಂಬತ್ತು ವರ್ಷ. ನಾನು ಅಕ್ಟೋಬರಿನಲ್ಲಿ ಬಿದ್ದ ದಿನ ನನ್ನ ಜಾಗಕ್ಕೆ ಇಳಿದವಳು ಇನ್ನೂ ಮೇಲೆ ಬಂದಿಲ್ಲ. ಗೋಲು ಕಾಯುವವಳ ಗುರುತಾಗಿ ನನ್ನ ಎದೆಯ ಮೇಲಿದ್ದ ಅಕ್ಷರಗಳು ಈಗ ಅವಳ ಎದೆಯ ಮೇಲೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಮಲಗುತ್ತಾಳೆ. ಇಡೀ ಬ್ಲಾಂಟೈರ್ ನಗರದಲ್ಲಿ ನನ್ನ ಕಾಲು ಹಿಡಿಯಲು ಬೇರೆ ಯಾರೂ ಸಿಗಲಿಲ್ಲವೆ?

ಜನವರಿ 10

ತೊಡೆಯ ಹಿಂಭಾಗ ಕಲ್ಲಾಗಿದೆ. ಕಕ್ಕಸಿನಲ್ಲಿ ಕೂರುವಾಗ ಗೋಡೆ ಹಿಡಿದುಕೊಂಡೆ. ಸಿಂಬೆಯೆ ಹೇಳಿದ್ದಳು, ಮೊದಲ ಸಲ ಹೀಗಾಗುತ್ತದೆ, ಎರಡನೇ ಸಲ ಕಮ್ಮಿ ಎಂದು. ಹುಡುಗಿ ಬಿಸಿ ನೀರು ತಂದಿಟ್ಟಳು. ಬೇಡ ಎಂದೆ. ಅವಳು ಸ್ನಾನಕ್ಕೆ ಹೋದ ಮೇಲೆ ಅದರಲ್ಲೇ ಬಟ್ಟೆ ಅದ್ದಿ ಕಾವು ಕೊಟ್ಟುಕೊಂಡೆ.

ಜನವರಿ 14

ಭಾನುವಾರ. ಎಲ್ಲರೂ ಚರ್ಚಿಗೆ ಹೋದರು. ಚಿಕಿತ್ಸೆಯಲ್ಲಿರುವವರು ಮೇಡಂ ಕಲೋಂಗಾ ಸಹಿ ಹಾಕದೆ ಗೇಟು ದಾಟುವಂತಿಲ್ಲ. ಸಹಿ ಕೇಳಲು ಹೋದರೆ, "ದೇವರು ಇಲ್ಲಿಗೂ ಬರ್ತಾನೆ, ಅವನಿಗೇನು ಗೇಟ್ ಪಾಸ್ ಬೇಕಾ?" ಎಂದರು.

ಮೇಡಂ ನಮ್ಮ ಕೋಚ್. ಹನ್ನೊಂದು ವರ್ಷದ ಹಿಂದೆ ಉತ್ತರದಲ್ಲಿರುವ ನಮ್ಮೂರು ಕರೋಂಗಾದ ಶಾಲೆಯ ಮೈದಾನಕ್ಕೆ ಬಂದು, ಬರಿಗಾಲಲ್ಲಿ ಜಿಗಿಯುತ್ತಿದ್ದ ನನ್ನನ್ನು ನೋಡಿ, ಅಮ್ಮನ ಎದುರು ಕೂತು ನ್ಸಿಮಾ ಮುದ್ದೆ ತಿಂದು, "ಇವಳನ್ನ ನನಗೆ ಕೊಡಿ" ಎಂದು ಕೇಳಿ ಕರೆದುಕೊಂಡು ಬಂದವರು. ಮೊದಲ ಬೂಟು ಅವರು ಕೊಟ್ಟದ್ದು. ಮಗಳು ಹುಟ್ಟಿದಾಗ ಕ್ಲಬ್ಬಿನವರು ನನ್ನನ್ನು ಕೈಬಿಡಲು ಹೊರಟಿದ್ದರು, ಮೇಜು ಗುದ್ದಿ ಉಳಿಸಿಕೊಂಡದ್ದೂ ಅವರೇ. ಅವರಿಗೆ ಇಲ್ಲ ಎನ್ನುವುದು ಹೇಗೆಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಪ್ರಸಂಗವೂ ಬಂದಿಲ್ಲ.

ಊರಿಗೆ ಫೋನು ಮಾಡಿದೆ. ಮಗಳು ತುಸೆಕಿಲೆಗೆ ಈಗ ಆರು ವರ್ಷ. ಅಮ್ಮನ ಕಾಲು ಶಾಲೆಗೆ ಹೋಗುತ್ತಿದೆ ಎಂದು ಅಜ್ಜಿ ಹೇಳಿದ್ದಾಳೆ. "ನಿನ್ನ ಕಾಲು ಯಾವ ಕ್ಲಾಸು?" ಎಂದು ಕೇಳಿದಳು. ಲೈನು ಕಟ್ಟಾದಂತೆ ನಟಿಸಿ ನಾನೇ ಫೋನು ಇಟ್ಟೆ.

ಜನವರಿ 17

ಮೇಡಂ ಕರೆಸಿದರು.

"ಆ ಓದಿದ ಫಿಸಿಯೊ ಹುಡುಗಿ ವಾರಕ್ಕೆ ಎಷ್ಟು ಮಾಡಿಸ್ತಾ ಇದ್ದಾಳೆ?"

ಹೇಳಿದೆ. ಮೇಡಂ ಹಣೆ ಚಚ್ಚಿಕೊಂಡರು.

"ಅಷ್ಟೇನಾ? ನನ್ನ ಅಜ್ಜಿ ಹಿಟ್ಟು ಕುಟ್ಟೋವಾಗ ಅದಕ್ಕಿಂತ ಹೆಚ್ಚು ಬಗ್ತಿದ್ಳು ಕಣೇ! ಮಾರ್ಚಿನಲ್ಲಿ ದೇಶದ ತಂಡದ ಆಯ್ಕೆ. ನಮ್ಮ ಕ್ಲಬ್ಬಿಂದ ಗೋಲು ಕಾಯೋಕೆ ಸದ್ಯಕ್ಕೆ ಒಂದೇ ಜಾಗ ಅಂತ ಹೇಳಿದ್ದಾರೆ. ಒಂದೇ. ಚಮಚದಲ್ಲಿ ಉಂಡ್ರೆ ಹೊಟ್ಟೆ ತುಂಬುತ್ತಾ? ಸಂಜೆ ಜಿಮ್ಮಿನ ಬೀಗ ನನ್ನ ಹತ್ರಾನೇ ಇರುತ್ತೆ. ದಿನಾ ಬಾ, ಬಟ್ಟಲು ತುಂಬಾ ಬಡಿಸ್ತೀನಿ. ಅವಳಿಗೆ ಹೇಳೋದು ಬೇಡ."

"ಆಗಲಿ ಮೇಡಂ," ಎಂದೆ.

ಬೆಳಿಗ್ಗೆಯ ಚಮಚ ಸಿಂಬೆಯೆಯದು, ಸಂಜೆಯ ಬಟ್ಟಲು ಮೇಡಂದು. ಕಾಲು ಒಂದೇ.

ಜನವರಿ 25

ಸಂಜೆ: ಅದೇ ಬೀಳುವಿಕೆ, ಲೆಕ್ಕ ತಪ್ಪುವವರೆಗೆ. ಆಮೇಲೆ ಹೆಗಲ ಮೇಲೆ ಮರಳಿನ ಚೀಲ ಹೊತ್ತು ಗ್ಯಾಲರಿಯ ಮೆಟ್ಟಿಲು ಇಳಿಯುವುದು. ಹತ್ತುವಾಗ ಚೀಲವನ್ನು ಹುಡುಗಿ ಹೊರುತ್ತಾಳೆ, ಇಳಿಯುವಾಗ ನಾನು. ಮೇಡಂ ಕೆಳಗೆ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತ "ನಿಧಾನ! ನಿಧಾನ! ಮದುವಣಗಿತ್ತಿ ಇಳಿದ ಹಾಗೆ!" ಎನ್ನುತ್ತಾರೆ.

ಇವತ್ತು ನೆಲಕ್ಕೆ ಮುಖ ಬಡಿಯಿತು. ತುಟಿ ಒಡೆಯಿತು.

"ಅಕ್ಕ, ಸಾಕಲ್ವಾ?" ಎಂದಳು ಹಿಂದಿನಿಂದ ಹುಡುಗಿ, ಮೇಡಂಗೆ ಕೇಳಿಸದ ಹಾಗೆ.

"ನೀನು ಹಿಡ್ಕೊ ಸುಮ್ನೆ."

"ನನ್ನ ಕೈಗೇ ನೋವು ಬರ್ತಿದೆ, ನಿನಗೆ ಹೇಗಿರಬೇಡ?"

ನಾನು ಮತ್ತೆ ಮುಂದಕ್ಕೆ ವಾಲಿದೆ. ನನ್ನ ಹಿಮ್ಮಡಿ ಬಿಟ್ಟುಬಿಟ್ಟರೆ ಅವಳಿಗೆ ಲಾಭ. ಏಕೆ ಬಿಡುತ್ತಿಲ್ಲವೋ.

ಫೆಬ್ರವರಿ 2

ಸಿಂಬೆಯೆ ಬಂದ ಹೊಸತರಲ್ಲಿ, ಡಿಸೆಂಬರಿನಲ್ಲಿ ಮಾಡಿದಂತೆ, ತಾನು ಓದಿದ ಕಾಲೇಜಿನಿಂದ ಮತ್ತೆ ಸ್ಕ್ಯಾನ್ ಯಂತ್ರ ಕೇಳಿ ತಂದಿದ್ದಳು. ಬೋರಲು ಮಲಗಿಸಿ, ತೊಡೆಗೆ ತಣ್ಣಗಿನ ಅಂಟು ಸವರಿ, ಒತ್ತಿ ಒತ್ತಿ ನೋಡಿದಳು. ಪರದೆಯ ಮೇಲೆ ಬೂದು ಗೆರೆಗಳು, ಗಾಳಿಗೆ ವಾಲಿದ ಹುಲ್ಲಿನ ಹಾಗೆ.

"ನೋಡು, ಇವು ನಿನ್ನ ಎಳೆಗಳು. ಡಿಸೆಂಬರಿನಲ್ಲಿ ಮೊಂಡಾಗಿದ್ವು. ಈಗ ನೋಡು, ಹೇಗೆ ಉದ್ದಕ್ಕೆ ಮಲಗಿವೆ!" ಅವಳಿಗೆ ತನ್ನದೇ ಕಾಲು ಎಂಬಷ್ಟು ಖುಷಿ.

ಆಮೇಲೆ ಜಿಗಿತದ ಚಾಪೆ. ಅದರ ಮೇಲೆ ನಿಂತು ಜಿಗಿದರೆ ಎಷ್ಟು ಎತ್ತರ ಹೋದೆವೆಂದು ಪಕ್ಕದ ಪೆಟ್ಟಿಗೆ ತೋರಿಸುತ್ತದೆ. ನಾನು ಜಿಗಿದೆ. ಮತ್ತೆ ಜಿಗಿದೆ. ಡಿಸೆಂಬರಿಗಿಂತ ಎರಡು ಬೆರಳು ಕೆಳಗೆ.

ಸಿಂಬೆಯೆಯ ನಗು ನಿಂತಿತು. "ನಾನು ಕೊಟ್ಟಿರೋದು ಇಷ್ಟು ಕಮ್ಮಿ. ಅಷ್ಟಕ್ಕೇ ಕಾಲು ಹೀಗೆ ಸೋಲಬಾರದು. ರಾತ್ರಿ ನಿದ್ದೆ ಬರ್ತಾ ಇದೆಯಾ? ಊಟ?"

"ಎಲ್ಲಾ ಸರಿ ಇದೆ."

"ಬೇರೆ ಏನಾದ್ರೂ ಮಾಡ್ತಿದ್ದೀಯಾ?"

"ಇಲ್ಲ."

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೂ ನೋಡಲಿಲ್ಲ, ಸಿಂಬೆಯೆಯನ್ನೂ ನೋಡಲಿಲ್ಲ, ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು.

ಫೆಬ್ರವರಿ 7

ಹಾಸ್ಟೆಲಿನ ಮೆಟ್ಟಿಲನ್ನು ಕೂತುಕೊಂಡು ಇಳಿದೆ. ಒಂದೊಂದೇ ಮೆಟ್ಟಿಲು, ಎಳೆಗೂಸಿನ ಹಾಗೆ. ಹುಡುಗಿ ಎದುರಿಗೆ ಬಂದಳು. ನಗುತ್ತಾಳೆ ಎಂದುಕೊಂಡೆ. ಅವಳೂ ಪಕ್ಕದಲ್ಲಿ ಕೂತು ನನ್ನ ಹಾಗೇ ಜಾರುತ್ತ ಇಳಿದಳು, ಯಾರಾದರೂ ಕಂಡರೆ ಇಬ್ಬರೂ ಆಡುತ್ತಿದ್ದೇವೆ ಎಂದುಕೊಳ್ಳಲಿ ಎಂದು.

ಸಂಜೆ ಮತ್ತೆ ಜಿಮ್ಮು.

ಫೆಬ್ರವರಿ 12

ಸಿಂಬೆಯೆಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ. ಸಿಂಬೆಯೆ ಮರೆತುಹೋದ ಕೊಡೆಗಾಗಿ ಸಂಜೆ ವಾಪಸು ಬಂದಿದ್ದಳು. ನಾನು ಕಂಬಳಿಯ ಮೇಲೆ, ಹುಡುಗಿ ಹಿಮ್ಮಡಿಯ ಮೇಲೆ, ಮೇಡಂ ಕುರ್ಚಿಯ ಮೇಲೆ.

"ಓಹೋ," ಎಂದಳು ಸಿಂಬೆಯೆ. "ಹಾಗಾದ್ರೆ ಎರಡು ಬೆರಳು ಹೋಗಿದ್ದು ಇಲ್ಲಿಗೆ."

ಮೇಡಂ ಕಡಲೆಕಾಯಿ ಸಿಪ್ಪೆ ಝಾಡಿಸಿ ಎದ್ದರು. "ನಾನು ಇಪ್ಪತ್ತು ವರ್ಷದಿಂದ ಹುಡುಗಿಯರನ್ನ ತಯಾರು ಮಾಡಿದೀನಿ. ಹೆಚ್ಚು ಮಾಡಿದವಳೇ ಹೆಚ್ಚು ಜಿಗಿದಿದ್ದಾಳೆ."

"ಮೇಡಂ, ಇದು ಆ ಥರದ ಕೆಲಸ ಅಲ್ಲ. ಇಳಿಸೋ ಕೆಲಸದಲ್ಲಿ ಎಳೆ ಉದ್ದ ಆಗೋದಕ್ಕೆ ಸ್ವಲ್ಪ ಸಾಕು. ಹೆಚ್ಚು ಹೇರಿದ್ರೆ ಅದೇನೂ ದುಪ್ಪಟ್ಟು ಉದ್ದ ಆಗಲ್ಲ. ಸುಸ್ತು ಮಾತ್ರ ದುಪ್ಪಟ್ಟಾಗುತ್ತೆ. ಸುಸ್ತಾದ ಕಾಲಿಗೆ ಚುರುಕು ಎಲ್ಲಿಂದ ಬರುತ್ತೆ?"

"ಪುಸ್ತಕದಲ್ಲಿ ಬರೆದಿದೆಯಾ?"

"ಬರೆದಿದೆ."

"ಪುಸ್ತಕ ಆಯ್ಕೆಗೆ ಬರಲ್ಲ ಕಣಮ್ಮ. ಇವಳು ಬರ್ತಾಳೆ."

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನಿನ್ನೂ ಮೊಣಕಾಲೂರಿಯೇ ಇದ್ದೆ.

"ನೀನೇ ಹೇಳು ಅತುಸಾಯೆ," ಎಂದಳು ಸಿಂಬೆಯೆ. "ಕಾಲು ನಿನ್ನದು."

ಆ ಕ್ಷಣ ನನಗೆ ಹೊಳೆದದ್ದು ಒಂದೇ, ನನ್ನ ಹಿಮ್ಮಡಿಗಳು ಇನ್ನೂ ಹುಡುಗಿಯ ಕೈಯಲ್ಲಿವೆ, ನಾನು ಎದ್ದು ಹೋಗಲಾರೆ. ಎದ್ದು ಹೋಗುವ ಮನಸ್ಸೂ ಇರಲಿಲ್ಲ. "ಮೇಡಂ ಹೇಳಿದ ಹಾಗೆ," ಎಂದೆ.

ಸಿಂಬೆಯೆ ಕೊಡೆ ತೆಗೆದುಕೊಂಡು ಹೋದಳು. ಮೇಡಂ ಕೂತರು. "ಮುಂದುವರಿಸು," ಎಂದರು. ಗೆದ್ದವರ ದನಿಯಂತೆ ಕೇಳಿಸಲಿಲ್ಲ.

ಫೆಬ್ರವರಿ 13

ಬೆಳಿಗ್ಗೆ ಸಿಂಬೆಯೆ ಬರಲಿಲ್ಲ.

ಫೆಬ್ರವರಿ 15

ಬಂದಳು. ಏನೂ ಆಗಿಲ್ಲವೆಂಬಂತೆ ಕಂಬಳಿ ಮಡಚಿದಳು. ತನ್ನ ಪಾಲಿನಲ್ಲಿ ಅರ್ಧ ಮಾತ್ರ ಮಾಡಿಸಿ, "ಇನ್ನರ್ಧ ಸಂಜೆ ಹೇಗೂ ಮಾಡ್ತೀಯಲ್ಲ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 20

ಮಳೆ. ಮೂರು ದಿನದಿಂದ ಬಿಟ್ಟೇ ಇಲ್ಲ. ಮೇಲಿನ ಸೋಚೆ ಗುಡ್ಡ ಕಾಣುವುದೇ ಇಲ್ಲ. ನಿನ್ನೆ ಕೆಳಗಿನ ತೊರೆಯ ಸೇತುವೆ ಹೋಯಿತು. ಮೇಡಂ ಲಿಂಬೆ ಪೇಟೆಯ ತಮ್ಮ ಮನೆಯಲ್ಲಿದ್ದಾರೆ, ತೊರೆಯ ಅತ್ತ ಕಡೆ. ಸಿಂಬೆಯೆಯೂ ಅತ್ತ ಕಡೆಯೇ. ಕರೆಂಟಿಲ್ಲ. ಜಿಮ್ಮಿನ ತಗಡು ಹಾರಿ ಒಳಗೆಲ್ಲ ನೀರು. ಬೇರೆ ಹುಡುಗಿಯರು ಮಳೆ ಶುರುವಾಗುವ ಮುಂಚೆಯೇ ವಾರದ ರಜೆಗೆಂದು ಮನೆಗಳಿಗೆ ಹೋಗಿದ್ದರು. ಹಾಸ್ಟೆಲಿನಲ್ಲಿ ಉಳಿದವರು ಕಾವಲುಗಾರ, ನಾನು ಮತ್ತು ಆ ಹುಡುಗಿ. ಅವಳೇಕೆ ಹೋಗಲಿಲ್ಲವೋ ಕೇಳಲಿಲ್ಲ.

ಫೋನು ಸಾಯುವ ಮುಂಚೆ ಎರಡು ಸಂದೇಶ ಬಂದವು. ಸಿಂಬೆಯೆ: ಏನೂ ಮಾಡಬೇಡ, ಮಲಗು. ಮೇಡಂ: ಕೋಣೆಯಲ್ಲೇ ಮಾಡು, ಬಿಡಬೇಡ.

ಫೆಬ್ರವರಿ 21

ಮೇಡಂ ಹೇಳಿದಂತೆ ಕೋಣೆಯಲ್ಲೇ ಕಂಬಳಿ ಹಾಸಿದೆ. "ಬಾ, ಹಿಡ್ಕೊ," ಎಂದೆ.

ಹುಡುಗಿ ಮಂಚದಿಂದ ಇಳಿಯಲಿಲ್ಲ. "ಹಿಡಿಯಲ್ಲ."

"ಏನು?"

"ಇವತ್ತು ಹಿಡಿಯಲ್ಲ ಅಕ್ಕ. ಮೇಡಂಗೆ ಬೇಕಾದ್ರೆ ಹೇಳು. ಸೇತುವೆ ಕಟ್ಟಿದ ಮೇಲೆ."

ಬೈದೆ. ನನ್ನ ಜಾಗ ಕದ್ದವಳು ಎಂದೆ, ನನ್ನ ಕಾಲು ಸರಿಹೋಗುವುದು ನಿನಗೆ ಬೇಡ ಎಂದೆ. ಇನ್ನೂ ಏನೇನೋ. ಅವಳು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಮಂಚದ ಕೆಳಗೆ ಹಿಮ್ಮಡಿ ತೂರಿಸಿ ಒಬ್ಬಳೇ ಪ್ರಯತ್ನಿಸಿದೆ. ಮಂಚ ಎದ್ದುಬಿಟ್ಟಿತು, ಅವಳ ಸಮೇತ. ಅವಳು ಕಿರುಚಿದಳು, ನಾನು ದೊಪ್ಪನೆ ಬಿದ್ದೆ.

ಇಬ್ಬರೂ ನಕ್ಕೆವು. ಏಕೆ ನಕ್ಕೆವೋ ತಿಳಿಯದು. ಹೊಟ್ಟೆ ನೋವಾಗುವಷ್ಟು.

ಫೆಬ್ರವರಿ 24

ಎನೆಲೆಸ್, ಅದು ಹುಡುಗಿಯ ಹೆಸರು, ಕಾವಲುಗಾರನ ಹತ್ತಿರ ಬಾವೊ ಆಡುವ ಅಳಗುಳಿ ಮಣೆ ಕೇಳಿ ತಂದಳು. ದಿನವಿಡೀ ಕಾಳು ಹಾಕುತ್ತ ಕೂತೆವು. ಅವಳು ಮೋಸ ಮಾಡುತ್ತಾಳೆ, ಅದೂ ಕಣ್ಣೆದುರಿಗೇ.

"ಏಯ್, ಅದು ನನ್ನ ಗುಳಿ!"

"ನಿನ್ನ ಜಾಗ ಕದಿಯೋದು ನನಗೆ ಅಭ್ಯಾಸ ಆಗೋಗಿದೆ ಅಕ್ಕ," ಎಂದಳು ಮುಖ ಗಂಟು ಹಾಕಿಕೊಂಡು. ಆಮೇಲೆ ಹೆದರಿ ನನ್ನ ಮುಖ ನೋಡಿದಳು. ನಾನು ಅವಳ ಗುಳಿಯಿಂದ ಎಲ್ಲ ಕಾಳು ಬಾಚಿಕೊಂಡೆ.

ರಜೆಗೆ ಮನೆಗೆ ಹೋಗದಿದ್ದುದು ಏಕೆಂದು ಕೇಳಿದೆ. ಮೇಡಂ ಬೇಡವೆಂದರಂತೆ. "ಒಂದೇ ಜಾಗ ಇದೆ, ಆ ಹೆಂಗಸು ದಿನಾ ಎಷ್ಟು ಮಾಡ್ತಾಳೆ ನೋಡು, ನೀನು ಅದಕ್ಕಿಂತ ಹೆಚ್ಚು ಮಾಡು," ಎಂದು ಅವಳಿಗೂ ಹೇಳಿದ್ದಾರಂತೆ. ನಾನು ಸ್ನಾನಕ್ಕೆ ಹೋದಾಗಲೆಲ್ಲ ಅವಳು ಕಬ್ಬಿಣದ ಬೀರುವಿನ ಅಡಿಗೆ ಹಿಮ್ಮಡಿ ಸಿಕ್ಕಿಸಿ ಒಬ್ಬಳೇ ಬೀಳುತ್ತಿದ್ದಳಂತೆ.

"ನನಗೆ ನಿನ್ನ ಹೆದರಿಕೆ, ನಿನಗೆ ನನ್ನ ಹೆದರಿಕೆ," ಎಂದಳು. "ಮೇಡಂಗೆ ಯಾರ ಹೆದರಿಕೆ ಅಕ್ಕ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ಫೆಬ್ರವರಿ 28

ಇನ್ನೂ ಮಳೆ. ಅಕ್ಕಿ, ಉಸಿಪಾ ಮೀನು, ಕಾವಲುಗಾರ ಕೊಟ್ಟ ಒಂದು ಗೊನೆ ಬಾಳೆಹಣ್ಣು. ಗೋಡೆಗಳು ತೇವಕ್ಕೆ ಉಬ್ಬಿವೆ. ಹೊರಗೆ ಹೋಗಲು ದಾರಿಯಿಲ್ಲ, ಒಳಗೆ ಮಾಡಲು ಕೆಲಸವಿಲ್ಲ. ಕಾಲು ಸುಮ್ಮನೆ ಬಿದ್ದಿರುವುದನ್ನು ನೋಡಿದರೆ ಭಯವಾಗುತ್ತದೆ. ಎಲ್ಲವೂ ಕರಗಿ ಹೋಗುತ್ತಿದೆ ಅನ್ನಿಸುತ್ತದೆ, ಎಳೆಗಳು, ಜಿಗಿತ, ಮಾರ್ಚ್ ತಿಂಗಳು. ನಿನ್ನೆ ಒಮ್ಮೆ, ಸಿಂಬೆಯೆಯ ಲೆಕ್ಕದಲ್ಲಿ, ಚಮಚದಷ್ಟು ಮಾಡಿದೆ. ಎನೆಲೆಸ್ ಹಿಡಿದುಕೊಂಡಳು. ಆಮೇಲೆ ಅವಳು ಬಿದ್ದಳು, ನಾನು ಹಿಡಿದುಕೊಂಡೆ. ವಾಲುವಾಗ ಸೊಂಟ ಬಗ್ಗಿಸುತ್ತಾಳೆ, ತಿದ್ದಿದೆ. ಜಿಗಿದು ನೆಲಕ್ಕಿಳಿಯುವಾಗ ಬಲಗಾಲಿನ ಮೇಲೆ ಮಾತ್ರ ಭಾರ ಹಾಕುವ ಚಟವೂ ಇದೆ. ಅಂಗಳದಲ್ಲಿ ಅದನ್ನು ಮೊದಲೇ ಗಮನಿಸಿದ್ದೆ, ಹೇಳಿರಲಿಲ್ಲ.

ಮಾರ್ಚ್ 5

ಬಿಸಿಲು. ಅಂಗಳವೆಲ್ಲ ಕೆಂಪು ಕೆಸರು. ಸೇತುವೆಯ ಜಾಗದಲ್ಲಿ ಮರದ ಹಲಗೆ ಹಾಕಿದ್ದಾರೆ. ಮೊದಲು ದಾಟಿ ಬಂದವಳು ಸಿಂಬೆಯೆ, ಬಿಳಿ ಬೂಟು ಕೈಯಲ್ಲಿ ಹಿಡಿದುಕೊಂಡು. ಅವಳ ಹಿಂದೆಯೇ ಮೇಡಂ.

ಚಾಪೆ ಹಾಸಿದರು. ನಾನು ನಿಂತೆ. ಏನನ್ನೂ ನಿರೀಕ್ಷಿಸದೆ ಜಿಗಿದೆ. ಕಾಲು ನನ್ನನ್ನು ಕೇಳದೆ ಎಸೆದ ಹಾಗಾಯಿತು. ಕೆಳಗೆ ಬಂದಾಗ ಪೆಟ್ಟಿಗೆಯನ್ನು ನೋಡುವ ಮುಂಚೆ ಸಿಂಬೆಯೆಯ ಮುಖ ನೋಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಾಲು ಹರಿಯುವ ಮುಂಚೆ ಕೂಡ ನಾನು ಅಷ್ಟು ಎತ್ತರ ಹೋದದ್ದಿಲ್ಲ.

"ನೋಡಿದ್ಯಾ!" ಎಂದರು ಮೇಡಂ. "ನನ್ನ ಬಟ್ಟಲು! ಅಷ್ಟು ಮಾಡಿಸಿದ್ದಕ್ಕೇ ಇಷ್ಟು ಬಂತು."

"ಮಳೆ, ಮೇಡಂ," ಎಂದಳು ಸಿಂಬೆಯೆ. "ಮಳೆ ಬಂದು ನೀವು ಬರಲಾಗಲಿಲ್ಲವಲ್ಲ, ಅದಕ್ಕೆ ಬಂತು. ಕೆಲಸದ ಫಲ ಕೆಲಸ ಮಾಡೋವಾಗ ಕಾಣಲ್ಲ. ನಿಲ್ಲಿಸಿದ ಮೇಲೆ ಕಾಣುತ್ತೆ."

"ಮಾಡದೇ ಇದ್ದಿದ್ರೆ ನಿಲ್ಲಿಸೋಕೆ ಏನಿತ್ತು?"

"ಕಾಲು ಭಾಗ ಮಾಡಿದ್ರೂ ಇಷ್ಟೇ ಬರ್ತಿತ್ತು."

"ಬರ್ತಿತ್ತು ಅಂತ ನೀನು ಹೇಗೆ ಹೇಳ್ತೀಯ?"

"ಖಂಡಿತ ಹೇಳೋಕಾಗಲ್ಲ," ಎಂದು ಸಿಂಬೆಯೆ ಒಪ್ಪಿಕೊಂಡಳು. "ಇವಳ ಹತ್ರ ಇನ್ನೊಂದು ಜೊತೆ ಕಾಲಿಲ್ಲ, ಹೋಲಿಸಿ ನೋಡೋಕೆ."

ನನ್ನ ಕಾಲಿನ ಎದುರೇ ನನ್ನ ಕಾಲಿನ ವಾದ. ಎನೆಲೆಸ್ ನನ್ನ ಕೈ ಹಿಡಿದು ಒತ್ತಿದಳು. ಮೇಡಂ ಅದನ್ನು ನೋಡಿದರು.

"ನೀನ್ಯಾಕೆ ಹಲ್ಲು ಕಿರೀತಿದ್ದೀಯ? ಇವಳು ಜಾಗ ವಾಪಸ್ ತಗೊಳ್ತಾಳೆ. ಸಂಜೆಯಿಂದ ನಿನ್ನ ಸರದಿ."

ಮಾರ್ಚ್ 12

ಈಗ ಕಂಬಳಿಯ ಮೇಲೆ ಎನೆಲೆಸ್, ಹಿಮ್ಮಡಿಯ ಮೇಲೆ ನಾನು. ಹಿಡಿದವರ ಕೈಗೂ ನೋವು ಬರುತ್ತದೆ ಎಂದು ಅವಳು ಹೇಳಿದ್ದು ಸುಳ್ಳಲ್ಲ. ಬೀಳುವವಳ ನಡುಕವೆಲ್ಲ ಕೈಗೆ ಬರುತ್ತದೆ.

ಸಿಂಬೆಯೆ ಮೇಡಂ ಹತ್ತಿರ ಮಾತಾಡಿ ಸೋತಳು. ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರವೂ ಹೋದಳು. ಗಾಯವಾದವರು ಮಾತ್ರ ಫಿಸಿಯೊಗೆ, ಗಾಯವಾಗದವರು ಕೋಚಿಗೆ ಎಂದನಂತೆ. "ಅಂದ್ರೆ ಹರಿಯೋವರೆಗೂ ಅವಳು ನನ್ನವಳಲ್ಲ," ಎಂದಳು ಸಿಂಬೆಯೆ. ಈ ಸಲ ನಗಲಿಲ್ಲ.

ಮಾರ್ಚ್ 17

ಎನೆಲೆಸ್ ಎಡಗಾಲನ್ನು ಸ್ವಲ್ಪ ಎಳೆಯುತ್ತಾಳೆ. ಬೇರೆಯವರಿಗೆ ಕಾಣದು. ಬೂಟಿನ ಲೇಸು ಕಟ್ಟಲು ಮಂಚದ ಮೇಲೆ ಕಾಲಿಡುತ್ತಿದ್ದಳು, ಈಗ ನೆಲದಲ್ಲಿ ಕೂತು ಕಟ್ಟುತ್ತಾಳೆ. ಕೇಳಿದರೆ, "ಏನೂ ಇಲ್ಲ, ಬಿಗಿ ಅಷ್ಟೆ." ಬಿಗಿ ಅಷ್ಟೆ ಎಂದು ನಾನೂ ಎರಡು ಸಲ ಹೇಳಿದ್ದೆ.

ನಾಲ್ಕು ದಿನದಲ್ಲಿ ಆಯ್ಕೆ. ಅವಳದು ಹರಿದರೆ ಜಾಗ ನನ್ನದು. ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಹಿಮ್ಮಡಿ ಹಿಡಿದುಕೊಂಡಿದ್ದರೆ ಸಾಕು.

ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ಮಾರ್ಚ್ 21

ಬರೆಯುತ್ತಿರುವುದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು.

ಆಯ್ಕೆಗಾರರು ಮೂವರು ಬಂದಿದ್ದರು. ಬೆಳಿಗ್ಗೆ ಪಂದ್ಯ ಆಡಿಸಿದರು. ಒಮ್ಮೆ ನಾನು ಈ ಕಡೆ, ಎನೆಲೆಸ್ ಆ ಕಡೆ, ಒಮ್ಮೆ ತಿರುಗಾಮುರುಗ. ನಾನು ಚೆನ್ನಾಗಿ ಆಡಿದೆ. ಅವಳು ಇನ್ನೂ ಚೆನ್ನಾಗಿ ಆಡಿದಳು, ಆದರೆ ಕೊನೆಗೆ ಓಟ ಕಡಿಮೆ ಮಾಡಿದಳು. ಮಧ್ಯಾಹ್ನ ಚಾಪೆ. ಪ್ರತಿಯೊಬ್ಬರಿಗೂ ಮೂರು ಜಿಗಿತ ಎಂದು ಆಯ್ಕೆಗಾರರೇ ಹೇಳಿದ್ದರು. ನನ್ನವು ಆದವು. ಮೂವರಲ್ಲಿ ಹಿರಿಯಳು ನನ್ನ ಕಾಲನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದಳು.

ಎನೆಲೆಸ್‌ಳ ಮೂರೂ ಸಾಧಾರಣವಾಗಿದ್ದವು. ಮೇಡಂ ಬೆಂಚಿನಿಂದ ಎದ್ದು ಬಂದರು.

"ಇದು ಇವಳ ಜಿಗಿತ ಅಲ್ಲ. ಇನ್ನೊಂದು ಅವಕಾಶ ಕೊಡಿ."

ಹಿರಿಯಳು ಹೆಗಲು ಕುಣಿಸಿದಳು. "ನಿಮ್ಮ ಇಷ್ಟ."

ಎನೆಲೆಸ್ ಜಿಗಿದಳು. ಇಳಿಯುವಾಗ ಬಲಗಾಲಿನ ಮೇಲೆ ಮಾತ್ರ.

"ಇನ್ನೊಂದು," ಎಂದರು ಮೇಡಂ.

ಜಿಗಿದಳು. ಕೈ ತೊಡೆಯ ಹಿಂದಕ್ಕೆ ಹೋಯಿತು, ತಕ್ಷಣ ವಾಪಸು ಬಂತು.

"ಏನಾಗಿದೆ ನಿನಗೆ? ಇನ್ನೊಂದು!"

ಎನೆಲೆಸ್ ನನ್ನ ಕಡೆ ನೋಡಿದಳೇ? ನೆನಪಿಲ್ಲ. ನೋಡಲಿಲ್ಲ ಅನ್ನಿಸುತ್ತದೆ. ಅವಳು ಮೊಣಕಾಲು ಬಗ್ಗಿಸುತ್ತಿದ್ದಳು, ನಾನು ಚಾಪೆಯ ಮೇಲೆ ಇದ್ದೆ, ಅವಳ ಮುಂದೆ.

"ಸಾಕು ಮೇಡಂ."

ಮೇಡಂಗೆ ಅರ್ಥವಾಗಲಿಲ್ಲ. "ಪಕ್ಕಕ್ಕೆ ಬಾ ನೀನು."

"ಸಾಕು. ಅವಳು ಜಿಗಿಯಲ್ಲ. ಎಡಗಾಲು ಹರಿಯೋ ಹತ್ರ ಬಂದಿದೆ, ನಾನು ನಾಲ್ಕು ದಿನದಿಂದ ನೋಡ್ತಾ ಇದ್ದೀನಿ. ನಿಮಗೂ ಗೊತ್ತು."

"ಅತುಸಾಯೆ." ಮೇಡಂ ದನಿ ಬಹಳ ತಗ್ಗಿತು. "ನಿನ್ನನ್ನ ಬರಿಗಾಲಿಂದ ಎತ್ತಿ ಇಲ್ಲಿಗೆ ತಂದವಳು ಯಾರು?"

"ನೀವು."

"ಮತ್ತೆ?"

"ಅದನ್ನ ಮರೆತಿಲ್ಲ. ಆದ್ರೂ ಇವಳು ಜಿಗಿಯಲ್ಲ."

ಪೆಟ್ಟಿಗೆಯ ಕೆಂಪು ದೀಪ ಮಿನುಗುತ್ತಿತ್ತು. ಸಿಂಬೆಯೆ ಬೇಲಿ ಹಾರಿ ಬಂದು ಎನೆಲೆಸ್‌ಳನ್ನು ಮಲಗಿಸಿ ತೊಡೆ ಮುಟ್ಟಿ ನೋಡಿದಳು. "ಹರಿದಿಲ್ಲ. ಹರಿಯೋದ್ರಲ್ಲಿತ್ತು. ನಾಲ್ಕೈದು ದಿನ ಸುಮ್ನಿದ್ರೆ ಸರಿಹೋಗುತ್ತೆ," ಎಂದು ಆಯ್ಕೆಗಾರರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

ಆಮೇಲೆ ಕೋಣೆಯಲ್ಲಿ ಮೇಡಂ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಎಂದುಕೊಂಡೆ. ಮುಖ ಬಹಳ ದಣಿದಿತ್ತು. "ಈ ವರ್ಷ ನನ್ನ ಹುಡುಗಿಯರು ಯಾರೂ ಆಯ್ಕೆ ಆಗದಿದ್ರೆ ನನ್ನ ಬದಲು ಬೇರೆಯವರು ಬರ್ತಾರೆ, ಗೊತ್ತಾ ನಿನಗೆ?" ಎಂದರು. ಗೊತ್ತಿರಲಿಲ್ಲ. "ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳಬೇಡ. ಎಲ್ಲಿಗಾದ್ರೂ ಹೋಗು."

"ಗೇಟ್ ಪಾಸು?" ಎಂದು ಕೇಳಿದೆ. ಹನ್ನೊಂದು ವರ್ಷದ ಅಭ್ಯಾಸ.

"ನಿನಗೆ ಇನ್ನು ಪಾಸ್ ಯಾಕೇ?" ಎಂದು ಹೋದರು.

ಎನೆಲೆಸ್ ಅಳುತ್ತಿದ್ದಳು. "ನಿನ್ನ ಹೆಸರು ಹೊಡೆದುಹಾಕಿಸ್ತಾರೆ ಅಕ್ಕ." ಹೊಡೆದುಹಾಕಲಿ ಎಂದೆ. ಕಾಲಿಗೆ ಐಸು ಇಟ್ಟುಕೋ, ಲೇಸು ಕಟ್ಟುವಾಗ ಬಗ್ಗಬೇಡ ಎಂದೆ. ಬಟ್ಟೆ ತುಂಬಿಕೊಂಡು ಹೊರಟೆ. ಉತ್ತರಕ್ಕೆ ಹೋಗುವ ಬಸ್ಸು ಇನ್ನೂ ತುಂಬಿಲ್ಲ. ತುಂಬಿದ ಮೇಲೆಯೇ ಬಿಡುತ್ತಾರೆ.

ಮಾರ್ಚ್ 23

ಊರು. ತುಸೆಕಿಲೆ ನನ್ನ ಸೊಂಟದವರೆಗೆ ಬೆಳೆದಿದ್ದಾಳೆ. ಮೊದಲು ಅಜ್ಜಿಯ ಹಿಂದೆ ಅಡಗಿದಳು. ಸಂಜೆಯ ಹೊತ್ತಿಗೆ ನನ್ನ ತೊಡೆಯ ಹಿಂಭಾಗದ ಗಾಯದ ಗಂಟನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು.

ಅಮ್ಮ ಸರೋವರದ ಮೀನು ಹುರಿದು ಹಾಕಿದಳು.

ಮಾರ್ಚ್ 27

ಎನೆಲೆಸ್ ಫೋನು ಮಾಡಿದ್ದಳು. ನೋವು ಕಮ್ಮಿ. ಸಿಂಬೆಯೆ ಈಗ ಚಮಚದ ಲೆಕ್ಕ ಶುರು ಮಾಡಿದ್ದಾಳಂತೆ. ಹಿಮ್ಮಡಿ ಯಾರು ಹಿಡಿಯುತ್ತಾರೆ ಎಂದು ಕೇಳಿದೆ. ಪಿಸುದನಿಯಲ್ಲಿ, "ಮೇಡಂ," ಎಂದಳು. "ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂರ್ತಾರೆ ಅಕ್ಕ. ಕಡಲೆಕಾಯಿ ತರಲ್ಲ. ಸಿಂಬೆಯೆ ಸಾಕು ಅಂದ್ರೆ ಬಿಡ್ತಾರೆ, ಆದ್ರೆ ಗೊಣಗ್ತಾರೆ."

ಸೊಂಟ ಬಗ್ಗಿಸಬೇಡ ಎಂದು ನೆನಪಿಸಿದೆ.

ಮಾರ್ಚ್ 30

ಮಧ್ಯಾಹ್ನದ ವಾರ್ತೆಯ ನಂತರ ತಂಡದ ಹೆಸರು ಓದುತ್ತಾರೆಂದು ಹೇಳಿದ್ದರು. ಅಮ್ಮ ರೇಡಿಯೋವನ್ನು ಮಾವಿನ ಮರದ ಕವಲಿಗೆ ನೇತುಹಾಕಿದಳು. ಅಕ್ಕಪಕ್ಕದವರೂ ಸೇರಿದರು. ನಾನು ಒಲೆಯ ಹತ್ತಿರ ನ್ಸಿಮಾ ತಿರುವುತ್ತಿದ್ದೆ, ತಳ ಹಿಡಿಯುವುದರಲ್ಲಿತ್ತು. ಗಂಡಸೊಬ್ಬ ಬಹಳ ನಿಧಾನವಾಗಿ ಓದುತ್ತಿದ್ದ, ಪ್ರತಿ ಹೆಸರಿನ ನಂತರ ನೀರು ಕುಡಿಯುತ್ತಿದ್ದಾನೇನೋ ಎಂಬಂತೆ. ಗೋಲು ಹಾಕುವವರು ಮುಗಿದರು. ನಡುವಿನವರು ಮುಗಿದರು. ಗೋಲು ಕಾಯುವವರು ಎಂದ.

"ಎನೆಲೆಸ್—" ಎಂದ.

ಇದ್ದ ಒಂದೇ ಜಾಗ ಅವಳಿಗೆ! ನಾನು ಸೌಟು ಎತ್ತಿಹಿಡಿದು ಕುಣಿದುಬಿಟ್ಟೆ. ಹಿಟ್ಟು ಬೂದಿಯ ಮೇಲೆಲ್ಲ ಹಾರಿತು. ಬಲಗಾಲಿನ ಮೇಲೆ ಭಾರ ಹಾಕುವ ಚಟ ಬಿಡಿಸಬೇಕು, ಮೊದಲ ಪಂದ್ಯಕ್ಕೆ ಇನ್ನೂ ಮೂರು ವಾರವಿದೆ, ಫೋನು ಮಾಡಿ ಹೇಳಬೇಕು ಎಂದೆಲ್ಲ ಯೋಚಿಸುತ್ತ ಮತ್ತೆ ತಿರುವತೊಡಗಿದೆ. ತಳ ಹಿಡಿದೇ ಬಿಟ್ಟಿತ್ತು, ಸೌಟಿನಿಂದ ಕೆರೆದೆ. ಮರದ ಕೆಳಗೆ ಗಲಾಟೆಯೋ ಗಲಾಟೆ. ಅಮ್ಮ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗುತ್ತಿದ್ದಳು, ಮದುವೆಯಲ್ಲಿ ಕೂಗುವ ಹಾಗೆ. ಇವಳು ಎನೆಲೆಸ್‌ಳನ್ನು ನೋಡಿಯೂ ಇಲ್ಲ, ಇಷ್ಟೇಕೆ ಖುಷಿ ಎಂದುಕೊಂಡೆ.

ತುಸೆಕಿಲೆ ಓಡಿ ಬಂದು ನಾನು ಸೊಂಟಕ್ಕೆ ಸುತ್ತಿದ್ದ ಚಿಟೆಂಜೆ ಎಳೆದಳು.

"ಅಮ್ಮಾ, ನಿನ್ನ ಹೆಸರೂ ಹೇಳಿದ್ರು! ಕೇಳ್ಲಿಲ್ವಾ?"

ಇಲ್ಲ, ಕೇಳಿರಲಿಲ್ಲ.